ಕೊಡುವ ಕೈಗೂ ಲೆಕ್ಕ ಬೇಕು



ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಧರ್ಮ ಮತ್ತು ದುಡ್ಡಿನ ವಿಚಾರವಾಗಿ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ಮಾದಪ್ಪನ ಬೆಟ್ಟದ ದಾಸೋಹ ಕಂಡ ಸೀಮೆ ನಮ್ಮದು. ಹಸಿದು ಬಂದವರಿಗೆ ಅನ್ನ ಹಾಕೋದನ್ನ ಚಂದಕವಾಡಿ ಹೋಬಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕೊಡುವುದಕ್ಕೂ ಲೆಕ್ಕ ಇಡುವುದಕ್ಕೂ ಏನು ಸಂಬಂಧ? ಇದಕ್ಕೆ ಉತ್ತರವಾಗಿ ಕ್ರೈಸ್ತ ಧರ್ಮದ ಕಡೆಯಿಂದ ಒಂದು ನಿದರ್ಶನ ಹೇಳುತ್ತೇವೆ. ನಾವು ಯಾವ ದೇವರಿಗೆ ಕೈ ಮುಗಿದರೂ ಸರಿ, ಇಂಥ ಸಂಘಗಳ ಒಂದು ಬೇರು ಅಲ್ಲಿಯೂ ಇದೆ.

ಜರ್ಮನಿ ದೇಶದಲ್ಲಿ ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಎಂಬ ದೈವಭಕ್ತರಿದ್ದರು. ಹುಟ್ಟಿದ್ದು 1818ರಲ್ಲಿ. ವೈಯರ್‌ಬುಶ್ ಎಂಬ ಹಳ್ಳಿಗಾಡಿನಲ್ಲಿ ಅವರು ಆಡಳಿತಗಾರರಾಗಿದ್ದಾಗ 1846-47ರಲ್ಲಿ ಬರ ಬಂತು. ಬಡವರ ಮನೆಯಲ್ಲಿ ಹಿಟ್ಟಿಲ್ಲ. ಆಗ ಅವರು ಉಳ್ಳವರನ್ನು ಸೇರಿಸಿ ನಿಧಿ ಕೂಡಿಸಿ, ಊರಿಗೊಂದು ಒಲೆ ಕಟ್ಟಿಸಿ, ರೊಟ್ಟಿ ಸುಡಿಸಿ, ಕೈಯಲ್ಲಿ ಕಾಸಿಲ್ಲದವರಿಗೆ ಕಡವಾಗಿ ಕೊಡಿಸಿದರು. ಮುಂದೆ 1849ರಲ್ಲಿ ಫ್ಲಾಮರ್ಸ್‌ಫೆಲ್ಡ್ ಎಂಬಲ್ಲಿ, ದನದ ವ್ಯಾಪಾರಿಗಳ ಸಾಲಕ್ಕೆ ಸಿಕ್ಕಿ ನರಳುತ್ತಿದ್ದ ರೈತರಿಗೆ ಕಂತಿನ ಮೇಲೆ ದನ ಕೊಡಿಸುವ ಸಂಘ ಮಾಡಿದರು. 1854ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ದಾನಧರ್ಮದ ಸಂಘವನ್ನೂ ಕಟ್ಟಿದರು.

ಕೆಲವು ವರ್ಷ ಕಳೆದ ಮೇಲೆ ಅವರಿಗೆ ಒಂದು ವಿಷಯ ಅರ್ಥವಾಯಿತು. ಉಳ್ಳವರ ಕರುಣೆ ಒಂದನ್ನೇ ನಂಬಿದರೆ ಸಂಘ ಬಹಳ ಕಾಲ ನಿಲ್ಲೋದಿಲ್ಲ. ಕೊಡುವವರಿಗೆ ಬೇಸರ ಬರುತ್ತದೆ, ಪಡೆಯುವವರು ಕೈಯೊಡ್ಡುತ್ತಲೇ ಇರುತ್ತಾರೆ. ಆದ್ದರಿಂದ 1864ರಲ್ಲಿ ಸಾಲದ ಸಂಘವಾಗಿ ಅದನ್ನು ಬದಲಾಯಿಸಿದರು. ಸಾಲ ಬೇಕಾದವನು ಮೊದಲು ಸದಸ್ಯನಾಗಬೇಕು. ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಸಂಘದ ವ್ಯಾಪ್ತಿ ಚಿಕ್ಕದಾಗಿರಬೇಕು, ಯಾಕೆಂದರೆ ಯಾರು ಹೇಗೆ ಅಂತ ಊರಿನವರಿಗೆ ಗೊತ್ತಿರುತ್ತದೆ. ಲಾಭ ಹಂಚಿ ತಿನ್ನದೆ ಆಪದ್ಧನವಾಗಿ ಉಳಿಸಬೇಕು. ದಾನದಲ್ಲಿದ್ದ ಪ್ರೀತಿಯನ್ನು ಬಿಡಲಿಲ್ಲ, ಅದರ ಜೊತೆಗೆ ಜವಾಬ್ದಾರಿಯನ್ನು ಸೇರಿಸಿದರು. ಇದೇ ಅವರ ದೊಡ್ಡತನ.

ಮದರಾಸು ಸರ್ಕಾರ ಕಳಿಸಿದ ಫ್ರೆಡರಿಕ್ ನಿಕೋಲ್ಸನ್ ಯೂರೋಪಿನ ಸಂಘಗಳನ್ನು ಕಂಡು ಬಂದು, ನಮ್ಮ ಹಳ್ಳಿಗಳಿಗೆ ರೈಫೈಸನ್‌ರ ದಾರಿಯೇ ತಕ್ಕದ್ದೆಂದು ವರದಿ ಬರೆದರು. 1904ರಲ್ಲಿ ಸಹಕಾರ ಕಾಯ್ದೆ ಬಂತು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿಕರ ಸಹಕಾರ ಸಂಘ ಹುಟ್ಟಿತು. ಅದೇ ವರ್ಷ ನಮ್ಮ ಮೈಸೂರು ಸಂಸ್ಥಾನದಲ್ಲೂ ಸಹಕಾರ ಸಂಘಗಳ ಕಾನೂನಾಯಿತು. 1912ರಲ್ಲಿ ಮಂಗಳೂರಿನ ಕೆಥೋಲಿಕರು ತಮ್ಮದೇ ಸಹಕಾರಿ ಬ್ಯಾಂಕು ಕಟ್ಟಿದರು. ಒಂದು ಧರ್ಮದವರ ಮನೆಯಂಗಳದಲ್ಲಿ ನೆಟ್ಟ ಗಿಡದ ನೆರಳಲ್ಲಿ ಎಲ್ಲ ಧರ್ಮದವರೂ ಕೂತಂತಾಯಿತು.

ಬೈಬಲಿನಲ್ಲಿ ದುಡ್ಡಿನ ಮೇಲೆ ಕೆಲವು ಕಥೆಗಳಿವೆ. ಬಡ ವಿಧವೆಯೊಬ್ಬಳು ದೇವಾಲಯದ ಹುಂಡಿಗೆ ಎರಡು ಪುಡಿಗಾಸು ಹಾಕುತ್ತಾಳೆ. ಶ್ರೀಮಂತರ ದೊಡ್ಡ ಕಾಣಿಕೆಗಿಂತ ಅದೇ ಹೆಚ್ಚು ಎನ್ನುತ್ತಾರೆ ಯೇಸು, ಯಾಕೆಂದರೆ ಅವಳು ಕೊಟ್ಟಿದ್ದು ಮಿಕ್ಕಿದ್ದನ್ನಲ್ಲ, ತನ್ನ ಬದುಕಿಗೆ ಇದ್ದದ್ದನ್ನ. ಅದೇ ಯೇಸು, ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕು, ಇಲ್ಲವಾದರೆ ಅಡಿಪಾಯಕ್ಕೇ ನಿಂತು ಜನ ನಗುತ್ತಾರೆ ಅಂತಲೂ ಹೇಳುತ್ತಾರೆ. ಧಾರಾಳ ಬೇರೆ, ದುಂದು ಬೇರೆ. ಮದುವೆ ಚಪ್ಪರಕ್ಕೆ, ಮನೆ ತಾರಸಿಗೆ ಸಾಲ ಎತ್ತುವ ಮುಂಚೆ ಗಂಡ ಹೆಂಡತಿ ಕೂತು ಈ ಲೆಕ್ಕ ಹಾಕಿದರೆ ಸಾಕು, ಅರ್ಧ ಕಷ್ಟ ಬಾಗಿಲಲ್ಲೇ ನಿಲ್ಲುತ್ತದೆ.

ಬಂಧುಗಳೇ, ಇದು ಬರೀ ಉಪದೇಶವಲ್ಲ. 2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ಸಾಲದ ವಸೂಲಿ ಕಿರುಕುಳಕ್ಕೆ ಹೆದರಿ ನಮ್ಮ ಜಿಲ್ಲೆಯ ಹಳ್ಳಿಗಳಲ್ಲೇ ಕೆಲವರು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂತು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಒಂದು ಸಾಲ ತೀರಿಸೋಕೆ ಇನ್ನೊಂದು, ಅದಕ್ಕೆ ಮತ್ತೊಂದು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಅಂದರೆ ಕೇಳೋಕೆ ಚಿಕ್ಕದು. ಆದರೆ 10,000 ರೂಪಾಯಿಗೆ ವರ್ಷಕ್ಕೆ 3,600 ರೂಪಾಯಿ ಆಯಿತು, ಅಸಲು ಹಾಗೇ ಉಳೀತು! ಅರಿಶಿನದ ಬೆಲೆ ಬಿದ್ದ ವರ್ಷ ಅದನ್ನ ಕಟ್ಟೋದು ಹೆಂಗೆ?

ಹಾಗಾಗಿ ನಮ್ಮ ಅರಿಕೆ ಇಷ್ಟು. ಸಾಲ ತೆಗೆದುಕೊಂಡ ಕೆಲಸಕ್ಕೇ ಅದನ್ನು ಬಳಸೋಣ. ಫಸಲು ಮಾರಿದ ದಿನವೇ ಸಂಘದ ಪಾಲು ಎತ್ತಿಡೋಣ. ವಾರಕ್ಕೆ ಐವತ್ತು ರೂಪಾಯಿಯಾದರೂ ಉಳಿತಾಯ ಖಾತೆಗೆ ಹಾಕೋಣ. ಮನ್ನಾ ಆಗಲಿ ಅಂತ ಕಾಯುತ್ತ, ಶಕ್ತಿ ಇದ್ದೂ ಬಾಕಿ ಉಳಿಸಿಕೊಂಡವನು ಸಂಘಕ್ಕಷ್ಟೇ ಮೋಸ ಮಾಡುವುದಿಲ್ಲ. ನಾಳೆ ಬಿತ್ತನೆಗೆ ಸಾಲ ಕೇಳಿ ಬರುವ ಪಕ್ಕದ ಮನೆಯವನ ಪಾಲನ್ನು ಹಿಡಿದಿಟ್ಟುಕೊಳ್ಳುತ್ತಾನೆ. ಗಡುವಿಗೆ ಸರಿಯಾಗಿ ಕಟ್ಟಿದ ಕಂತು ಕೂಡ ಒಂದು ದಾನವೇ. ಆದರೆ ನಿಜವಾಗಿಯೂ ಬೆಳೆ ಹೋದವನನ್ನು, ಮನೆಯಲ್ಲಿ ಕಾಯಿಲೆ ಬಿದ್ದವನನ್ನು ಬಾಕಿದಾರ ಅಂತ ಹೀಯಾಳಿಸಬಾರದು. ಅಂಥವರ ಪಕ್ಕ ನಿಂತು, ಸಂಘದವರ ಹತ್ತಿರ ಮಾತಾಡಿ, ದಾರಿ ತೋರಿಸಬೇಕಾದವರು ನಾವೇ.

ಲೆಕ್ಕವಿಲ್ಲದ ದಯೆ ಬೇಗ ಬತ್ತುತ್ತದೆ, ದಯೆಯಿಲ್ಲದ ಲೆಕ್ಕ ಬಡ್ಡಿ ವ್ಯಾಪಾರವಾಗುತ್ತದೆ. ಎರಡನ್ನೂ ಜೋಡೆತ್ತಿನ ಹಾಗೆ ಒಂದೇ ನೊಗಕ್ಕೆ ಕಟ್ಟಿ ನಡೆಸುವ ಬುದ್ಧಿ ನಮ್ಮೆಲ್ಲರಿಗೂ ಬರಲಿ, ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.