ಹೇಳದೇ ಇದ್ರೆ ತಲುಪಲ್ಲ: 'ಕಿಮಿ ನಿ ತೊದೊಕೆ' ನನಗೆ ಕಲಿಸಿದ್ದು

ಇವತ್ತು ಒಂದು ಜಪಾನೀ ಮಾಂಗಾ ಬಗ್ಗೆ ಮಾತಾಡ್ತೀನಿ. ಮೂವತ್ತೈದು ದಾಟಿದವನಿಗೆ ಹೈಸ್ಕೂಲ್ ಲವ್ ಸ್ಟೋರಿ ಯಾಕೆ ಬೇಕು ಅಂತ ನನ್ನ ಹೆಂಡತಿನೂ ಕೇಳಿದಳು. ಸ್ವಲ್ಪ ತಾಳಿ, ಹೇಳ್ತೀನಿ.

ಎಂಟೆಕ್ ಮುಗಿಸಿ ಪುಣೆಗೆ ಬಂದಾಗ ನನ್ನ ಹಿಂದಿ ಅಷ್ಟಕ್ಕಷ್ಟೆ, ಮರಾಠಿ ಪೂರ್ತಿ ಸೊನ್ನೆ. ಊಟದ ಟೇಬಲ್ಲಿನ ಜೋಕ್ ನನಗೆ ಅರ್ಥ ಆಗೋ ಹೊತ್ತಿಗೆ ಉಳಿದವರು ಮುಂದಿನ ವಿಷಯಕ್ಕೆ ಹೋಗಿರ್ತಿದ್ರು. ತಪ್ಪು ಮಾತಾಡೋದಕ್ಕಿಂತ ಸುಮ್ಮನಿರೋದೇ ವಾಸಿ ಅಂದುಕೊಂಡೆ. ಆರು ತಿಂಗಳಲ್ಲಿ ಹೆಸರು ಬಿತ್ತು: 'ಇವನಿಗೆ ಆಟಿಟ್ಯೂಡ್ ಜಾಸ್ತಿ'. ಆಗಲೇ ರೂಮ್‌ಮೇಟ್ ಲ್ಯಾಪ್‌ಟಾಪಿನಲ್ಲಿ 'ಕಿಮಿ ನಿ ತೊದೊಕೆ' ಅನಿಮೆ ಸಿಕ್ಕಿತು. ಹೆಸರಿನ ಅರ್ಥ ಸುಮಾರಾಗಿ 'ನಿನಗೆ ತಲುಪಲಿ' ಅಂತ.

ಇದನ್ನು ಬರೆದು ಚಿತ್ರಿಸಿದವರು ಕರುಹೊ ಶೀನಾ. 'ಬೆಸ್ಸಾತ್ಸು ಮಾರ್ಗರೆಟ್' ಅನ್ನೋ ಮಾಸಿಕದಲ್ಲಿ ಬರ್ತಾ ಇದ್ದ ಕತೆ 2017ರಲ್ಲಿ ಮುಗೀತು. ಒಟ್ಟು 30 ಸಂಪುಟ. 2008ರಲ್ಲಿ ಕೊದಾನ್ಶಾ ಮಾಂಗಾ ಪ್ರಶಸ್ತಿನೂ ಬಂತು.

ನಾಯಕಿ ಕುರೊನುಮಾ ಸವಾಕೊ. ಉದ್ದ ಕಪ್ಪು ಕೂದಲು, ಬಿಳಿಚಿದ ಮುಖ, ಮಾತು ಕಮ್ಮಿ. 'ರಿಂಗ್' ಸಿನಿಮಾದ ದೆವ್ವ ಸದಾಕೊ ಗೊತ್ತಲ್ಲ? ಕ್ಲಾಸಿನವರು ಇವಳನ್ನೂ ಹಾಗೇ ಕರೀತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರೆ ಶಾಪ ತಟ್ಟುತ್ತೆ ಅನ್ನೋ ಗಾಳಿಸುದ್ದಿ ಬೇರೆ. ಅವಳೋ, ದಿನಕ್ಕೊಂದು ಒಳ್ಳೆ ಕೆಲಸ ಮಾಡಬೇಕು ಅಂದುಕೊಂಡಿರೋ ಹುಡುಗಿ. ಅವಳ ಹೆಸರಿನ ಮೊದಲ ಅಕ್ಷರದ ಅರ್ಥನೇ 'ಉಲ್ಲಾಸ'! ಎಲ್ಲರಿಗೂ ಬೇಕಾದ ಹುಡುಗ ಕಜೆಹಾಯಾ ಅವಳನ್ನು ಸರಿಯಾದ ಹೆಸರಿನಿಂದ ಕರೀತಾನೆ. ಕತೆ ಶುರುವಾಗೋದು ಅಲ್ಲಿಂದ.

ಆದ್ರೆ ಹುಡುಗ ಬಂದ, ಎಲ್ಲ ಸರಿಹೋಯ್ತು ಅನ್ನೋ ಕತೆ ಇದಲ್ಲ. ನನಗೆ ತುಂಬ ಹಿಡಿಸಿದ್ದು ಟಾಯ್ಲೆಟ್ಟಿನ ದೃಶ್ಯ. ಯೋಶಿದಾ, ಯಾನೊ ಅನ್ನೋ ಇಬ್ಬರು ಸ್ನೇಹಿತೆಯರ ಬಗ್ಗೆ ಕೆಲವು ಹುಡುಗಿಯರು ಕೆಟ್ಟದಾಗಿ ಮಾತಾಡ್ತಿರ್ತಾರೆ. ತನ್ನ ಬಗ್ಗೆ ಏನಂದ್ರೂ ಸಹಿಸಿಕೊಂಡಿದ್ದ ಸವಾಕೊ ಅವತ್ತು ಎದುರು ನಿಂತು, ಆಡಿದ ಮಾತು ವಾಪಸ್ ತಗೊಳ್ಳಿ ಅಂತ ಹಟ ಹಿಡೀತಾಳೆ. ನೋಡಿ, ಇಲ್ಲಿ ಪ್ರೇಮಕ್ಕಿಂತ ಮೊದಲು ಸ್ನೇಹ ಬರುತ್ತೆ.

ಪ್ರೊಡಕ್ಷನ್ ಐಜಿ ಮಾಡಿದ ಅನಿಮೆ 2009ರಲ್ಲಿ ಶುರುವಾಯ್ತು. ಅದು ಅವಸರ ಮಾಡಲ್ಲ. ಮನಸ್ಸಿನ ಮಾತಿಗೆ ದನಿ ಕೊಟ್ಟಿದೆ. ಬಾಯಿ ತನಕ ಬಂದು ನಿಂತ ಮಾತು ನಮಗೆ ಕೇಳಿಸುತ್ತೆ, ಎದುರಿಗಿರೋನಿಗೆ ಕೇಳಿಸಲ್ಲ. 2010ರ ಸಿನಿಮಾದಲ್ಲಿ ಮಿಕಾಕೊ ತಾಬೆ, ಹರುಮಾ ಮಿಯುರಾ ಇದ್ದಾರೆ. ನಟನೆ ಚೆನ್ನಾಗಿದೆ, ಆದ್ರೆ ಎರಡು ಗಂಟೆ ಚಿಲ್ಲರೆಯಲ್ಲಿ ಈ ಹಿಂಜರಿಕೆಯನ್ನೆಲ್ಲ ಹಿಡಿಸೋದು ಕಷ್ಟ. 2023ರ ನೆಟ್‌ಫ್ಲಿಕ್ಸ್ ಸರಣಿಗೆ 12 ಕಂತಿನ ಜಾಗ ಇದೆ, ಸ್ನೇಹಿತೆಯರಿಗೂ ಉಸಿರಾಡೋಕೆ ಆಗುತ್ತೆ.

ಎರಡನೇ ಸೀಸನ್ನಿನಲ್ಲಿ ಒಂದು ವ್ಯಾಲೆಂಟೈನ್ ದಿನ ಬರುತ್ತೆ. ಸವಾಕೊ ಬೇರೆಯವರಿಗೆಲ್ಲ ಚಾಕೊಲೇಟ್ ಕೊಡ್ತಾಳೆ. ಕಜೆಹಾಯಾಗೆ ಮಾಡಿದ್ದು ಮಾತ್ರ ಕೈಯಲ್ಲೇ ಉಳಿಯುತ್ತೆ, ಯಾಕಂದ್ರೆ ಅದು ವಿಶೇಷ. ಆ ಹುಡುಗ ಏನಂದುಕೋತಾನೆ? 'ನನಗೊಬ್ಬನಿಗೇ ಕೊಡಲಿಲ್ಲ.'

ನನ್ನದೂ ಇಂಥದ್ದೇ ಒಂದಿದೆ. ಟೀಮಿನಲ್ಲಿ ಒಬ್ಬ ಮರಾಠಿ ಹುಡುಗ ದಿನಾ ಒಂದು ಗಂಟೆಗೆ ನನ್ನ ಸೀಟಿಗೆ ಬಂದು 'ಚಲ್, ಜೇವಾಯಲಾ' ಅಂತಿದ್ದ. ಎರಡು ವರ್ಷ, ಒಂದು ದಿನನೂ ತಪ್ಪಿಸಲಿಲ್ಲ. ಅವನು ಕೆಲಸ ಬಿಟ್ಟ ದಿನ ಕೇಕ್ ಕಟ್ ಮಾಡಿದ್ರು. ನಾನು ಹಿಂದೆ ನಿಂತಿದ್ದೆ, ಕೈ ಕುಲುಕಿದೆ, ಅಷ್ಟೆ. ತುಂಬ ದಿನ ಆದ್ಮೇಲೆ ಇನ್ನೊಬ್ಬರು ಹೇಳಿದ್ರು: 'ನಾನು ಕರೆಯೋದು ಅವನಿಗೆ ಕಿರಿಕಿರಿ ಆಗ್ತಿತ್ತೇನೋ' ಅಂತ ಅವನು ಅಂದನಂತೆ. ನನಗೋ, ಇಡೀ ದಿನದಲ್ಲಿ ನೆಮ್ಮದಿ ಅನ್ನಿಸ್ತಿದ್ದ ಹೊತ್ತು ಅದೊಂದೇ.

ಹದಿಮೂರು ವರ್ಷದ ಗ್ಯಾಪ್ ಆದ್ಮೇಲೆ 2024ರಲ್ಲಿ ಮೂರನೇ ಸೀಸನ್ ಬಂತು. ಅದರಲ್ಲಿ ಪ್ರೀತಿ ಒಪ್ಪಿಕೊಂಡ ಮೇಲೂ ಇಬ್ಬರಿಗೂ ಮಾತು ಸಲೀಸಾಗಿ ಬರಲ್ಲ, ಪ್ರತಿ ಸಲ ಹೊಸದಾಗಿ ಧೈರ್ಯ ತಂದುಕೋಬೇಕು. ನೋಡಿ ಮುಗಿಸಿದ ರಾತ್ರಿ ಅವನಿಗೊಂದು ಮೆಸೇಜ್ ಹಾಕಿದೆ. ನನ್ನ ಒಡಕು ಹಿಂದಿಯಲ್ಲೇ ನಾಲ್ಕು ಸಾಲು, ಆ ಊಟಗಳಿಗೆ ಥ್ಯಾಂಕ್ಸ್ ಅಂತ. ತಕ್ಷಣ ಫೋನ್ ಬಂತು. ಮೊದಲ ಮಾತೇ, 'ಕ್ಯಾ ಹುವಾ ರೇ, ತಬಿಯತ್ ಠೀಕ್ ಹೈ ನಾ?' ಇಬ್ಬರೂ ನಕ್ಕೆವು. ನಲವತ್ತು ನಿಮಿಷ ಮಾತಾಡಿದ್ವಿ.

ನೋಡೋರು ಅನಿಮೆಯ ಮೊದಲ ಸೀಸನ್ನಿಂದ ಶುರು ಮಾಡಿ. ಮನಸ್ಸಲ್ಲಿದ್ದದ್ದು ತಾನಾಗೇ ಇನ್ನೊಬ್ಬರಿಗೆ ತಲುಪುತ್ತೆ ಅಂತ ನಾವು ಅಂದುಕೋತೀವಿ. ತಲುಪಲ್ಲ, ಹೇಳಬೇಕು. ಹೊಸ ಊರಲ್ಲಿ ನಿಮ್ಮನ್ನೂ ಯಾರೋ ಊಟಕ್ಕೆ ಕರೆದಿರ್ತಾರೆ, ಅಲ್ವಾ? ಇವತ್ತೇ ಅವರಿಗೊಂದು ಫೋನ್ ಮಾಡಿ. ಭಾಷೆ ತಪ್ಪಾದ್ರೂ ಪರವಾಗಿಲ್ಲ.