ನಳಿಕೆ ಹಾಕುವ ಕೈಗೆ ಧೈರ್ಯ

ಮೂತ್ರ ಕಟ್ಟಿಕೊಂಡವರ ಸಂಕಟ ನೋಡಿದವರಿಗೇ ಗೊತ್ತು. ಕಿಬ್ಬೊಟ್ಟೆ ಉಬ್ಬಿ, ಕೂರಲಾರದೆ ನಿಲ್ಲಲಾರದೆ ಒದ್ದಾಡುತ್ತಾರೆ. ಆಗ ನೆಮ್ಮದಿ ಕೊಡುವುದು ಜನ 'ಪೈಪ್' ಎಂದು ಕರೆಯುವ ಕ್ಯಾಥೆಟರ್. ಅಮೆರಿಕದ ಮೂತ್ರರೋಗ ತಜ್ಞ ಫ್ರೆಡೆರಿಕ್ ಫೋಲಿ 1930ರ ದಶಕದಲ್ಲಿ ರೂಪಿಸಿದ ಬಲೂನು ಕ್ಯಾಥೆಟರ್ ಇಂದಿಗೂ ಬಳಕೆಯಲ್ಲಿದೆ.

ಇದನ್ನು ಹಾಕುವವರು ಹೆಚ್ಚಾಗಿ ದಾದಿಯರು ಮತ್ತು ಕಿರಿಯ ವೈದ್ಯರು. ಸಣ್ಣ ಕೆಲಸವೆಂದು ಕಂಡರೂ ಹೊಸಬರ ಕೈ ನಡುಗುವುದು ಇಲ್ಲಿಯೇ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಉದ್ದ. ಗಂಡಸರದು 18ರಿಂದ 20 ಸೆಂಟಿಮೀಟರ್, ಅದೂ ಬಾಗಿದ ದಾರಿ. ವಯಸ್ಸಾದವರಲ್ಲಿ ಪ್ರಾಸ್ಟೇಟ್ ಗ್ರಂಥಿ ಬೆಳೆದು ಆ ದಾರಿಯನ್ನು ಒತ್ತಿರುತ್ತದೆ. ಅಲ್ಲಿ ಬಲವಂತ ಮಾಡಿದರೆ ನಾಳಕ್ಕೆ ಗಾಯವಾಗಿ ರಕ್ತ ಬರುತ್ತದೆ. ಮುಂದೆ ನಾಳ ಕಿರಿದಾಗಲೂಬಹುದು. ಮೂತ್ರ ಹರಿದು ಬರುವ ಮೊದಲೇ ಬಲೂನಿಗೆ ನೀರು ತುಂಬುವುದು ಇನ್ನೂ ಅಪಾಯ. ಗಂಡಸರಲ್ಲಿ ಮೂತ್ರ ಕಂಡ ಮೇಲೂ ಕ್ಯಾಥೆಟರ್ ಕವಲೊಡೆಯುವ ಜಾಗದವರೆಗೆ ಒಳಸೇರಿಸಿ, ಅನಂತರವೇ ಬಲೂನು ತುಂಬಬೇಕು.

ಧೈರ್ಯ ಬೇರೆ, ನೈಪುಣ್ಯ ಬೇರೆ. ಪರೀಕ್ಷೆ ಪಾಸಾದವರಿಗೆ ಹಂತಗಳು ಬಾಯಿಪಾಠವಾಗಿರಬಹುದು, ಕೈಗೆ ಬಂದಿರುವುದಿಲ್ಲ. ಇನ್ನು ಕೆಲವರಿಗೆ ರೂಢಿಯಿಂದ ಧೈರ್ಯವಿರುತ್ತದೆ. ಆದರೆ ಕೈ ತೊಳೆಯುವುದು, ಕ್ರಿಮಿಶುದ್ಧ ಕೈಗವಸು ತೊಡುವುದು, ಮರಗಟ್ಟಿಸುವ ಜೆಲ್ಲಿ ಹಾಕಿ ಕೆಲವು ನಿಮಿಷ ಕಾಯುವುದು ಬಿಟ್ಟುಹೋಗಿರುತ್ತದೆ. ಇಬ್ಬರಿಗೂ ಮದ್ದು ಒಂದೇ: ಮೊದಲು ಬೊಂಬೆಯ ಮೇಲೆ ಅಭ್ಯಾಸ, ಆಮೇಲೆ ಹಿರಿಯರ ಕಣ್ಣೆದುರಿಗೆ ಕೆಲಸ, ಆಗಾಗ ಮರುತರಬೇತಿ. "ಸಿಸ್ಟರ್, ಒಳಗೆ ಹೋಗುತ್ತಿಲ್ಲ, ಸ್ವಲ್ಪ ನೋಡುತ್ತೀರಾ?" ಎಂದು ಕೇಳುವುದು ಅವಮಾನವಲ್ಲ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೂ ನೈಪುಣ್ಯವೇ. ಹಾಗೆ ಕೇಳಿದವರನ್ನು ಗದರುವ ವಾರ್ಡಿನಲ್ಲಿ ನೋವು ತಿನ್ನುವವನು ರೋಗಿ.

ರೋಗಿಯ ಮಾನವನ್ನೂ ಮರೆಯಬಾರದು. ಪರದೆ ಎಳೆದು, "ಅಜ್ಜಾ, ಈಗ ಸ್ವಲ್ಪ ಉರಿಯಬಹುದು, ನಿಧಾನವಾಗಿ ಉಸಿರೆಳೆದುಕೊಳ್ಳಿ" ಎಂದು ಹೇಳಿದರೆ ಅರ್ಧ ಭಯ ಕಳೆಯುತ್ತದೆ. ಬಿಗಿದ ಮೈ ಸಡಿಲಾಗಿ ಕೆಲಸವೂ ಹಗುರವಾಗುತ್ತದೆ.

ಕ್ಯಾಥೆಟರ್ ಒಳಗಿರುವ ದಿನಗಳು ಹೆಚ್ಚಿದಂತೆ ಸೋಂಕಿನ ಅಪಾಯವೂ ಏರುತ್ತದೆ. ಆದ್ದರಿಂದ ಇದು ಇಂದೂ ಬೇಕೇ ಎಂದು ವೈದ್ಯರು, ದಾದಿಯರು ದಿನವೂ ಕೇಳಿಕೊಳ್ಳಬೇಕು. ಮನೆಯವರೂ ಕೆಲವು ಸಂಗತಿ ನೆನಪಿಡಿ: ಚೀಲ ಮೂತ್ರಕೋಶಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ಪೈಪ್ ಮಡಿಚಿಕೊಳ್ಳದಿರಲಿ. ಯಾವ ಕಾರಣಕ್ಕೂ ಅದನ್ನು ನೀವೇ ಎಳೆಯಬೇಡಿ. ಮೂತ್ರ ನಿಂತರೆ, ರಕ್ತ ಕಂಡರೆ, ಚಳಿಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ.