ತೆಂಗಿನಕಾಯಿಯ ಗುಮ್ಮ



ಕಳೆದ ವರ್ಷ ದಸರಾ ರಜೆ ಶುರುವಾಗುವ ಮುನ್ನಾದಿನ ನನ್ನ ಮಗ ಶಾಲೆಯಿಂದ ಒಂದು ಚೀಟಿ ತಂದ. ಅಕ್ಟೋಬರ್ 31ರಂದು ಹ್ಯಾಲೋವೀನ್, ಪ್ರತಿ ಮಗುವೂ ಮನೆಯಲ್ಲೇ ಮಾಡಿದ ಒಂದು ಭಯಂಕರವಾದ ಅಲಂಕಾರ ತರಬೇಕು ಎಂದು ಅದರಲ್ಲಿತ್ತು. ಅದರ ಕೆಳಗೆ ಇನ್ನೊಂದು ಸಾಲು: ನವೆಂಬರ್ 1ರಂದು ಕನ್ನಡ ರಾಜ್ಯೋತ್ಸವ, ಹಳದಿ ಕೆಂಪು ತೋರಣ ತರಬೇಕು. ಒಂದೇ ಚೀಟಿಯಲ್ಲಿ ದೆವ್ವವೂ ಬಂತು, ತಾಯಿ ಭುವನೇಶ್ವರಿಯೂ ಬಂದಳು. ಬೆಂಗಳೂರಿನಲ್ಲಿ ಮಕ್ಕಳನ್ನು ಓದಿಸುತ್ತಿರುವ ನಿಮಗೆ ಇದೇನೂ ಹೊಸದಲ್ಲ.

ಬಡಾವಣೆಯ ಅಂಗಡಿಗೆ ಹೋದೆವು. ಪ್ಲಾಸ್ಟಿಕ್ ತಲೆಬುರುಡೆ, ನೈಲಾನ್ ಜೇಡರಬಲೆ, ರಬ್ಬರ್ ಬಾವಲಿ ಎಲ್ಲವೂ ತೂಗುತ್ತಿದ್ದವು. ಒಂದು ರಾತ್ರಿಯ ಹೆದರಿಕೆಗೆ ಅಷ್ಟು ಹಣವೇ ಅನ್ನಿಸಿತು. ಅಲ್ಲದೆ "ಮನೆಯಲ್ಲೇ ಮಾಡಿದ" ಎಂದು ಬರೆದಿದ್ದಾರಲ್ಲ! ಹೇಗೂ ರಜೆಗೆ ನನ್ನ ತವರಿಗೆ ಹೊರಟಿದ್ದೆವು. ಅಲ್ಲಿಯೇ ಏನಾದರೂ ಮಾಡೋಣವೆಂದು ಮಗನನ್ನು ಸಮಾಧಾನಪಡಿಸಿದೆ.

ನನ್ನ ತವರು ತುರುವೇಕೆರೆ ತಾಲ್ಲೂಕಿನ ದಂಡಿನಶಿವರ. ಆ ಕಡೆ ಬಸ್ಸಿನಲ್ಲಿ ಹೋದವರಿಗೆ ಗೊತ್ತು, ಕಿಟಕಿಯಾಚೆ ಎತ್ತ ನೋಡಿದರೂ ತೆಂಗು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳ ಸಂಸಾರ ನಡೆಯುವುದು ಕೊಬ್ಬರಿಯ ಮೇಲೆ. ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಕಾಯುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಸದ್ದಾದಾಗ ಇಳಿಸಿ ಸುಲಿದು ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತಾರೆ. ಅಲ್ಲಿ ಮಗುವಿನ ಫೀಸು, ಮಗಳ ಮದುವೆ ಎಲ್ಲವೂ ಒಂದು ಮರ ವರ್ಷಕ್ಕೆ ಎಷ್ಟು ಕಾಯಿ ಬಿಟ್ಟಿತು ಎಂಬ ಲೆಕ್ಕದ ಮೇಲೆ ನಿಂತಿವೆ. ನಾನು ಬಿ.ಎಸ್ಸಿ. ಓದಿದ್ದೂ ಆ ಲೆಕ್ಕದಲ್ಲಿಯೇ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ, ಏಕೆಂದರೆ ಹೋದ ಮೊದಲ ದಿನವೇ ನಾನು ಅದನ್ನು ಮರೆತೆ.

ಒಮ್ಮೆ ದಕ್ಷಿಣ ಕನ್ನಡದಲ್ಲಿ ಭೂತಕೋಲದ ಚಿತ್ರೀಕರಣಕ್ಕೆ ಹೋಗಿದ್ದಾಗ ಎಳೆಯ ತೆಂಗಿನ ಗರಿಯಿಂದ ಕಟ್ಟಿದ ಉಡುಗೆಯನ್ನು ನೋಡಿದ್ದೆ. ಬೆಣ್ಣೆಯ ಬಣ್ಣದ ಆ ಗರಿ ಕ್ಯಾಮೆರಾದಲ್ಲಿ ಬಹಳ ಚೆನ್ನಾಗಿ ಬಂದಿತ್ತು. ಅದು ಮನಸ್ಸಿನಲ್ಲಿತ್ತು. "ಹೋಗಿ, ಹಳದಿಯಾಗಿರೋ ಎಳೆಗರಿ ಸಿಕ್ಕಿದ್ರೆ ತನ್ನಿ" ಎಂದು ನನ್ನ ಮಗನನ್ನೂ ಅಣ್ಣನ ಮಗಳನ್ನೂ ತೋಟಕ್ಕೆ ಕಳಿಸಿಬಿಟ್ಟೆ. ಅವಳಿಗೆ ಹನ್ನೆರಡು, ಇವನಿಗೆ ಒಂಬತ್ತು. ದೊಡ್ಡ ಮರದ ಸುಳಿ ಇವರ ಕೈಗೆಟುಕುತ್ತದೆಯೆ? ನಾಲ್ಕು ವರ್ಷದ ಹಿಂದೆ ನಮ್ಮಪ್ಪ ಹಾಕಿದ್ದ ಗಿಡವೊಂದರ ನಟ್ಟನಡುವೆ ಈಟಿಯ ಹಾಗೆ ನಿಂತಿದ್ದ, ಇನ್ನೂ ಬಿಚ್ಚಿರದ ಗರಿಯನ್ನು ಕುಡುಗೋಲಿನಿಂದ ಕೊಯ್ದು, ನಗುನಗುತ್ತಾ ಹೊತ್ತು ತಂದರು.

ಅಪ್ಪ ಜಗಲಿಯ ಮೇಲೆ ಕೂತಿದ್ದರು. ಮಕ್ಕಳನ್ನು ಬೈಯಲಿಲ್ಲ. ನನ್ನ ಕಡೆ ತಿರುಗಿ, "ಅಲ್ಲ ಕಣವ್ವ, ತೆಂಗಿಗಿರೋದು ಒಂದೇ ಸುಳಿ. ಮಾವಿನ ಮರದಂಗೆ ಒಂದು ಕೊಂಬೆ ಹೋದ್ರೆ ಇನ್ನೊಂದು ಚಿಗುರ್ತದಾ?" ಎಂದರು. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಓದಿ ಅಂಕ ತೆಗೆದ ವಿಷಯವದು. ನಾನು ತಲೆ ತಗ್ಗಿಸಿದೆ.

ಓದುಗರೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತೆಂಗಿಗೆ ಬೆಳೆಯುವ ಮೊಗ್ಗು ಒಂದೇ, ಅದು ತಲೆಯ ಒಳಗೆ ಆಳದಲ್ಲಿ, ಗರಿಗಳ ಬುಡದ ಮರೆಯಲ್ಲಿರುತ್ತದೆ. ಆ ಮೊಗ್ಗು ಸತ್ತರೆ ಮರ ಸತ್ತಂತೆ. ಈಟಿಯಂಥ ಗರಿಯ ತುದಿ ಮಾತ್ರ ಹೋಗಿದ್ದರೆ ಗಿಡ ಉಳಿಯಬಹುದು, ಒಳಗಿನ ಮೊಗ್ಗು ಮುಂದಿನ ಗರಿಯನ್ನು ತಳ್ಳುತ್ತದೆ. ಆದರೆ ಹಸಿ ಗಾಯ ತೆರೆದಿರುವುದೇ ಅಪಾಯ. ಮಳೆನೀರು ನಿಂತರೆ ಸುಳಿ ಕೊಳೆ ರೋಗ ಹಿಡಿಯಬಹುದು, ಸುಳಿ ಕೊರೆಯುವ ದುಂಬಿಗೂ ದಾರಿಯಾಗುತ್ತದೆ. ಅಪ್ಪ ಮಾತಾಡದೆ ಎದ್ದುಹೋಗಿ ಮೈಲುತುತ್ತ ಸುಣ್ಣ ಕಲಸಿದ ಬೋರ್ಡೋ ಮುಲಾಮನ್ನು ಗಾಯಕ್ಕೆ ಹಚ್ಚಿ ಬಂದರು. ಗಿಡ ಉಳಿಯುತ್ತದೆಯೋ ಇಲ್ಲವೋ ಗೊತ್ತಾಗಲು ತಿಂಗಳುಗಳೇ ಬೇಕು. ಅಣ್ಣನ ಮಗಳು ಆ ರಾತ್ರಿ ಊಟ ಮಾಡಲಿಲ್ಲ.

ಬೆಳಿಗ್ಗೆ ಅಪ್ಪನೇ ಮಕ್ಕಳನ್ನು ಕರೆದುಕೊಂಡು ತೋಟಕ್ಕೆ ಹೋದರು. ಒಂದೇ ಕಟ್ಟಳೆ: ನೆಲದ ಮೇಲೆ ಬಿದ್ದದ್ದನ್ನು ಮಾತ್ರ ಆರಿಸಬೇಕು. ಅದೇನು ಕಡಮೆಯೆ? ಚೆನ್ನಾಗಿ ಬೆಳೆದ ತೆಂಗಿನ ಮರ ಹೆಚ್ಚುಕಡಮೆ ತಿಂಗಳಿಗೊಂದು ಹೊಸ ಗರಿ ಬಿಡುತ್ತದೆ, ತಿಂಗಳಿಗೊಂದು ಹಳೆಯ ಗರಿಯನ್ನು ಬೀಳಿಸುತ್ತದೆ. ಮರ ತಾನಾಗಿಯೇ ಕೊಡುತ್ತಿರುವಾಗ ಹಸಿರು ಗರಿಗೆ ಕೈಹಾಕುವುದೇಕೆ? ಹಸಿರು ಗರಿಯೆಂದರೆ ಕಾಯಿಗೆ ಊಟ ಬೇಯಿಸುವ ಒಲೆ. ಹೊಂಬಾಳೆ ಕೊಯ್ದರಂತೂ ಒಂದು ಗೊನೆಯೇ ಹೋದಂತೆ.

ಅರ್ಧ ಗಂಟೆಯಲ್ಲಿ ಅಂಗಳದ ತುಂಬ ಸಾಮಾನು ಬಂದು ಬಿತ್ತು. ಒಣಗರಿ, ದೋಣಿಯಾಕಾರದ ಒಣ ಹೊಂಬಾಳೆಯ ಸಿಪ್ಪೆ, ಕಾಯಿ ಕಿತ್ತಮೇಲೆ ಉಳಿದ ಗೊನೆಯ ಕಡ್ಡಿಗೊಂಚಲು, ಉದುರಿದ ಹರಳು, ನಾರು. ಗರಿಯ ಬುಡದಲ್ಲಿ ಗೋಣಿಬಟ್ಟೆಯಂತೆ ತಾನೇ ನೇಯ್ದುಕೊಂಡಿರುವ ಕಂದು ಜಾಲರಿಯನ್ನು ನೋಡಿದ್ದೀರಲ್ಲ, ಅದೂ ಇತ್ತು. ಅಡಿಗೆಮನೆಯಿಂದ ಕಾಯಿ ಚಿಪ್ಪುಗಳು ಬಂದವು. ಕೊಂಡದ್ದು ಬಿಳಿ ನೂಲಿನ ಒಂದು ಉಂಡೆ ಮಾತ್ರ.

ಮೊದಲು ಆದದ್ದು ಜೇಡ. ಹರಳು ಎಂದರೆ ಎಳೆಯದರಲ್ಲೇ ಉದುರಿಹೋಗುವ ನೆಲ್ಲಿಕಾಯಿ ಗಾತ್ರದ ಕಾಯಿ. ಹೊಸದಾಗಿ ಬಿದ್ದದ್ದಾದರೆ ಪೊರಕೆ ಕಡ್ಡಿ ಸಲೀಸಾಗಿ ಚುಚ್ಚುತ್ತದೆ. ನನ್ನ ಮಗ ಆರು ಕಾಲು ಚುಚ್ಚಿ ಮುಗಿಯಿತು ಎಂದ. ಅಣ್ಣನ ಮಗಳು ಗೋಡೆಯ ಮೂಲೆಯಲ್ಲಿದ್ದ ನಿಜವಾದ ಜೇಡನನ್ನು ತೋರಿಸಿ ಎಣಿಸು ಎಂದಳು. ಎಂಟು! ಜೇಡ ಕೀಟವಲ್ಲ ಎಂಬ ಪಾಠ ಅಲ್ಲಿಗೆ ಮುಗಿಯಿತು. ಬಲೆಗೆ ನಾಲ್ಕು ಕಡ್ಡಿಗಳನ್ನು ನಡುವೆ ಅಡ್ಡಡ್ಡ ಕಟ್ಟಿ, ಒಳಗಿನಿಂದ ಹೊರಗೆ ನೂಲನ್ನು ಒಂದೊಂದು ಕಡ್ಡಿಗೂ ಒಂದು ಸುತ್ತು ಹಾಕುತ್ತಾ ಬಂದರೆ ಸಾಕು. ಜಾಲರಿಯನ್ನು ಕತ್ತರಿಸಿ ಬಾವಲಿಯ ರೆಕ್ಕೆ ಮಾಡಿದರು. ಗೊನೆಯ ಕಡ್ಡಿಗೊಂಚಲನ್ನು ಬಾಗಿಲ ಸಂದಿಯಿಂದ ಹೊರಗೆ ಚಾಚಿದಾಗ ನಮ್ಮತ್ತಿಗೆ ನಿಜವಾಗಿಯೂ ಕಿರುಚಿದರು, ಥೇಟ್ ಎಲುಬಿನ ಕೈ!

ಇನ್ನು ಮುಖ. ಹ್ಯಾಲೋವೀನಿನ ಗುರುತೆಂದರೆ ಒಳಗೆ ದೀಪವಿಟ್ಟ ಕುಂಬಳಕಾಯಿಯ ಮುಖ. ಮೊದಲು ಐರ್ಲೆಂಡಿನವರು ಟರ್ನಿಪ್ ಗಡ್ಡೆಯನ್ನು ಕೊರೆಯುತ್ತಿದ್ದರಂತೆ, ಅಮೆರಿಕಕ್ಕೆ ಹೋದ ಮೇಲೆ ಕುಂಬಳಕಾಯಿ ಸಿಕ್ಕಿತು. ಅವರವರ ಹೊಲದಲ್ಲಿ ಬೆಳೆದದ್ದು ಅವರವರ ದೆವ್ವ. ಹಾಗಾದರೆ ನಮ್ಮದು ತೆಂಗಿನಕಾಯಿ. ಅದಕ್ಕೆ ಮುಖ ಕೊರೆಯುವ ಕಷ್ಟವೂ ಇಲ್ಲ, ಹುಟ್ಟುವಾಗಲೇ ಇದೆ. ಎರಡು ಕಣ್ಣು, ಒಂದು ಬಾಯಿ. 1498ರ ನಂತರ ನಮ್ಮ ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ಇದನ್ನು ನೋಡಿ 'ಕೋಕೊ' ಎಂದರು. ಅವರ ಭಾಷೆಯಲ್ಲಿ ಹಾಗೆಂದರೆ ಮಕ್ಕಳನ್ನು ಹೆದರಿಸಲು ಹೇಳುವ ಗುಮ್ಮ. ಇಂಗ್ಲಿಷಿನ 'ಕೋಕೋನಟ್' ಹುಟ್ಟಿದ್ದು ಅಲ್ಲಿಂದ. ನಾವು ಅದೇ ಮೂರು ಗುರುತಿನಲ್ಲಿ ಮುಕ್ಕಣ್ಣನನ್ನು ಕಂಡೆವು, ಅವರು ಗುಮ್ಮನನ್ನು ಕಂಡರು. ಸಸ್ಯಶಾಸ್ತ್ರ ಹೇಳುವುದು ಮೂರನೆಯದು: ತೆಂಗಿನ ಹೆಣ್ಣು ಹೂವಿನ ಅಂಡಾಶಯಕ್ಕೆ ಮೂರು ಭಾಗ, ಅವುಗಳ ಗುರುತೇ ಈ ಮೂರು ಕಣ್ಣು. ಸಾಮಾನ್ಯವಾಗಿ ಒಂದೇ ಭಾಗ ಬೀಜವಾಗುತ್ತದೆ. ಆ ಕಣ್ಣು ಮೆತ್ತಗಿರುತ್ತದೆ, ಮೊಳಕೆ ಹೊರಗೆ ಬರುವುದು ಅದರಿಂದಲೇ.

ಕಣ್ಣಿರುವ ಕಡೆಯ ಅರ್ಧ ಚಿಪ್ಪನ್ನು ತೆಗೆದುಕೊಳ್ಳಿ. ಮೆತ್ತನೆಯ ಕಣ್ಣನ್ನು ಮಕ್ಕಳೇ ಮೊಳೆಯಿಂದ ಚುಚ್ಚಬಹುದು, ಉಳಿದೆರಡನ್ನು ದೊಡ್ಡವರು ಕೊರೆದುಕೊಡಬೇಕು. ಸುತ್ತ ನಾರನ್ನು ಅಂಟಿಸಿ ಕೂದಲು, ಗಡ್ಡ ಮಾಡಿ. ಒಳಗೆ ಬ್ಯಾಟರಿಯ ಪುಟ್ಟ ಬಲ್ಬಿಟ್ಟು ಕತ್ತಲೆಯಲ್ಲಿ ನೇತುಹಾಕಿದರೆ ಗುಮ್ಮ ಸಿದ್ಧ.

ಇದರಲ್ಲಿ ಇನ್ನೊಂದು ಆಟವಿದೆ, ಇದನ್ನು ಮಾತ್ರ ತಪ್ಪದೆ ಮಾಡಿನೋಡಿ. ರಾತ್ರಿ ಕೋಣೆಯ ದೀಪವೆಲ್ಲ ಆರಿಸಿ, ಮೇಜಿನ ಮೇಲೆ ಮೇಣದ ಬತ್ತಿ ಹಚ್ಚಿ. ಅದರ ಮುಂದೆ ಒಂದು ಗೇಣು ದೂರದಲ್ಲಿ ಚಿಪ್ಪನ್ನು, ತೂತುಗಳು ಜ್ವಾಲೆಯ ಎತ್ತರಕ್ಕೆ ಬರುವಂತೆ, ನೆಟ್ಟಗೆ ನಿಲ್ಲಿಸಿ. ಚಿಪ್ಪಿನ ಆಚೆ ಒಂದು ಬಿಳಿ ಹಾಳೆ ಹಿಡಿಯಿರಿ. ಹಾಳೆಯ ಮೇಲೆ ಮೂರು ಪುಟ್ಟ ಜ್ವಾಲೆಗಳು ಕಾಣುತ್ತವೆ, ಮೂರೂ ತಲೆಕೆಳಗು! ಬೆಳಕು ನೇರ ಗೆರೆಯಲ್ಲಿ ಹೋಗುವುದರಿಂದ ಜ್ವಾಲೆಯ ತುದಿಯ ಬೆಳಕು ತೂತನ್ನು ದಾಟಿ ಕೆಳಕ್ಕೂ, ಬುಡದ ಬೆಳಕು ಮೇಲಕ್ಕೂ ಬೀಳುತ್ತದೆ. ತೂತು ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟ. ನಾನು ಇಷ್ಟು ವರ್ಷ ದುಡಿಯುತ್ತಿರುವ ಕ್ಯಾಮೆರಾದ ಮೂಲ ಇದೇ. ಬತ್ತಿಯನ್ನು ಊದಿದಾಗ ಮೂರು ತಲೆಕೆಳಗಾದ ಜ್ವಾಲೆಗಳು ಒಟ್ಟಿಗೆ ಓಲಾಡುವುದನ್ನು ನೋಡಿ ನನ್ನ ಮಗ ಅಜ್ಜಿಯ ಸೆರಗಿನಡಿ ಸೇರಿಕೊಂಡ. ಅಂಗಡಿಯ ಯಾವ ತಲೆಬುರುಡೆಗೂ ಅವನು ಹೆದರಿರಲಿಲ್ಲ.

ಒಂದು ಎಚ್ಚರಿಕೆ. ಒಣಗರಿ, ನಾರು, ಜಾಲರಿ ಮೂರೂ ಬೆಂಕಿ ಕಂಡರೆ ಭಗ್ಗನೆ ಹತ್ತಿಕೊಳ್ಳುತ್ತವೆ. ನಮ್ಮೂರಿನಲ್ಲಿ ನೀರೊಲೆ ಹಚ್ಚುವುದೇ ಇವುಗಳಿಂದ. ಆದ್ದರಿಂದ ಬತ್ತಿಯ ಆಟಕ್ಕೆ ನಾರಿಲ್ಲದ ಬೋಳು ಚಿಪ್ಪು, ದೊಡ್ಡವರೊಬ್ಬರು ಪಕ್ಕದಲ್ಲೇ. ನಾರು ಅಂಟಿಸಿದ ಗುಮ್ಮನಿಗೆ ಬ್ಯಾಟರಿಯೇ ಸರಿ.

ಬಣ್ಣಕ್ಕೆ ಏನು ಮಾಡಿದಿರಿ ಎನ್ನುತ್ತೀರಾ? ಬಿಳಿಗೆ ಸುಣ್ಣ, ಕಪ್ಪಿಗೆ ಇದ್ದಿಲು, ಹಳದಿಗೆ ಅರಿಶಿನ. ನನ್ನ ಮಗ "ರಕ್ತ ಬೇಕು" ಎಂದ. ನಮ್ಮಮ್ಮ ಎದ್ದುಹೋಗಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ತಂದರು. ಆರತಿ ನೀರು! ಅರಿಶಿನದಲ್ಲಿರುವ ವಸ್ತು ಕ್ಷಾರ ಸೇರಿದರೆ ಕೆಂಪಾಗುತ್ತದೆ, ಹುಳಿ ಸೇರಿದರೆ ಮತ್ತೆ ಹಳದಿಗೆ ತಿರುಗುತ್ತದೆ. ನಿಂಬೆಹಣ್ಣು ಹಿಂಡಿ ಮಕ್ಕಳು ಹತ್ತು ಸಲ ಅತ್ತಿತ್ತ ಮಾಡಿದರು. ಸುಣ್ಣ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ, ಅದನ್ನು ಕಲಸುವ ಕೆಲಸ ದೊಡ್ಡವರದೇ ಆಗಿರಲಿ. ಈ ಕೆಂಪು ಒಣಗಿದ ಮೇಲೆ ಮೆಲ್ಲಗೆ ಮಂಕಾಗುತ್ತದೆ, ಹಿಂದಿನ ದಿನ ಹಚ್ಚಿದರೆ ಸಾಕು. ಉಳಿದ ಹಳದಿ, ಕೆಂಪು ನೀರಿನಲ್ಲಿ ಬಿಳಿ ನೂಲನ್ನೂ ಹಳೆಯ ಪಂಚೆಯ ಚೂರುಗಳನ್ನೂ ಅದ್ದಿದೆವು. ರಾಜ್ಯೋತ್ಸವದ ತೋರಣವೂ ಆಯಿತು.

ಸಂಜೆ ಅಪ್ಪ ಇದನ್ನೆಲ್ಲ ನೋಡುತ್ತಾ, "ದೆವ್ವಕ್ಕೂ ಒಂದು ಹಬ್ಬವೇ?" ಎಂದು ಕೇಳಿದರು. ಸತ್ತವರು ಆ ರಾತ್ರಿ ಮನೆಗೆ ಬರುತ್ತಾರೆಂಬ ನಂಬಿಕೆ ಹಿಂದೆ ಇತ್ತಂತೆ ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವೂ ಮಾಲಯ ಅಮಾಸೆಗೆ ಎಡೆ ಇಡ್ತೀವಲ್ಲ, ಮೊನ್ನೆ ತಾನೇ ಆಯ್ತು" ಎಂದರು. ಆಮೇಲೆ ಅವರೇ ಒಂದು ಒಡಕು ಮಡಕೆ ತಂದು, ಸುಣ್ಣದಲ್ಲಿ ಕಣ್ಣು, ಇದ್ದಿಲಲ್ಲಿ ಮೀಸೆ ಬರೆದು, ರಾಗಿ ಹೊಲಕ್ಕೆ ಹಿಂದೆ ಕಟ್ಟುತ್ತಿದ್ದ ಬೆರ್ಚಪ್ಪನನ್ನು ಮಕ್ಕಳಿಗೆ ಮಾಡಿ ತೋರಿಸಿದರು. ನನಗೇನೋ ಅದೇ ಎಲ್ಲಕ್ಕಿಂತ ಭಯಂಕರವಾಗಿ ಕಂಡಿತು. ಬಸ್ಸಿನಲ್ಲಿ ತರಲಾಗದೆ ಅದನ್ನು ಅಲ್ಲೇ ಬಿಟ್ಟುಬಂದೆವು.

ಶಾಲೆಯಲ್ಲಿ ಗುಮ್ಮ ಒಂದು ದಿನ ತೂಗಿತು, ಮರುದಿನ ತೋರಣ. ಮಗ ಎರಡನ್ನೂ ಮರೆತ. ಆದರೆ ಪ್ರತಿ ಭಾನುವಾರ ತಾತನಿಗೆ ಫೋನು ಮಾಡಿ ಗಿಡದ ವಿಷಯ ಕೇಳುವುದನ್ನು ಮರೆಯಲಿಲ್ಲ. "ಇನ್ನೂ ಏನೂ ಇಲ್ಲ ಕಣಪ್ಪ" ಎಂಬ ಉತ್ತರವೇ ಬರುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅಣ್ಣನ ಮಗಳೇ ಫೋನು ಮಾಡಿದಳು. ಸುಳಿ ಮೇಲೆದ್ದಿದೆ, ಗರಿ ಬಿಚ್ಚಿದೆ, ಆದರೆ ತುದಿಯೆಲ್ಲ ಕತ್ತರಿಯಿಂದ ಸಮನಾಗಿ ಕತ್ತರಿಸಿದ ಹಾಗಿದೆ, "ನಾನು ಕೊಯ್ದ ಜಾಗ ಹಂಗೇ ಕಾಣ್ತದೆ ಅತ್ತೆ" ಎಂದಳು. ಅದರ ಹಿಂದೆಯೇ ಇನ್ನೊಂದು ಸುಳಿ ಬರುತ್ತಿದೆಯಂತೆ, ಅದು ಪೂರ್ತಿಯಾಗಿದೆಯಂತೆ. ಮೊಂಡು ತುದಿಯ ಆ ಗರಿ ಎರಡು ಮೂರು ವರ್ಷ ಗಿಡದಲ್ಲಿದ್ದು, ಆಮೇಲೆ ಒಣಗಿ ತಾನಾಗಿ ಬೀಳುತ್ತದೆ. ಬಿದ್ದಾಗ ತನಗೇ ಕೊಡಬೇಕೆಂದು ಅವಳು ತಾತನಿಗೆ ಈಗಲೇ ಹೇಳಿಟ್ಟಿದ್ದಾಳೆ.